ಒಂದು ನಕ್ಷತ್ರಕ್ಕಾಗಿ ಬಂದ ಕಾಫಿ

ಇರ್ಬಿದ್ ಊರಿನ ಯೂನಿವರ್ಸಿಟಿ ರಸ್ತೆಯಲ್ಲಿ ರಾತಿಬನ ಮಾತಿಗೆ ತೂಕವಿತ್ತು. ಫೋನ್ ರಿಪೇರಿಯವನ ಮಾತಿಗೆ ಎಂಥ ತೂಕ ಎಂದು ಮೂಗು ಮುರಿಯುವವರು ಅವನ ಅಂಗಡಿಯ ಬೆಂಚಿನ ಮೇಲೆ ಸ್ವಲ್ಪ ಹೊತ್ತು ಕೂತು ನೋಡಬೇಕಿತ್ತು. ಹೊಸ ಗೇಮ್ ಬಂತೆಂದರೆ ಅದನ್ನು ಇಳಿಸಿಕೊಳ್ಳುವ ಮೊದಲು ಕಾಲೇಜಿನವರೆಲ್ಲ "ರಾತಿಬಣ್ಣ ಏನಂದ?" ಎಂದು ಕೇಳುತ್ತಿದ್ದರು. ಎದುರಿನ ಫಲಾಫಲ್ ಅಂಗಡಿಯವನು ಒಮ್ಮೆ ಹಳೇ ಎಣ್ಣೆಯಲ್ಲೇ ಕರಿಯುತ್ತಿದ್ದಾಗ ರಾತಿಬ್ ಗಿರಾಕಿಗಳೆದುರಿಗೇ ಅದನ್ನು ಹೇಳಿಬಿಟ್ಟಿದ್ದ. ಆ ಮನುಷ್ಯ ಬಹಳ ದಿನ ಮಾತು ಬಿಟ್ಟ, ಆದರೆ ಎಣ್ಣೆ ಬದಲಾಯಿಸಿದ.

ಇಂಥ ನಾಲಿಗೆ ನಮ್ಮೂರಿನಲ್ಲಿ ಸುಖ ಕೊಡುವುದಿಲ್ಲ. ನಮ್ಮಲ್ಲಿ ಮೊದಲು ದಾಕ್ಷಿಣ್ಯ. ಸತ್ಯ ಆಮೇಲೆ, ಅದೂ ಜಾಗ ಉಳಿದಿದ್ದರೆ. ನೆಂಟನ ಬೇಕರಿಯ ಕಲ್ಲಿನಂಥ ರೊಟ್ಟಿಯನ್ನೂ "ನಿನ್ನ ಕೈಗೆ ದೇವರು ಬರಕತ್ತು ಕೊಡಲಿ" ಎಂದು ಹರಸುತ್ತಲೇ ನುಂಗಬೇಕು. ಹಲ್ಲು ಅಲ್ಲಾಡಿದರೆ ಅದು ನಮ್ಮ ಹಲ್ಲಿನ ತಪ್ಪು.

ಮನೆಯಲ್ಲಿ ಇದ್ದವರು ಇಬ್ಬರೇ, ರಾತಿಬ್ ಮತ್ತು ಅವನ ತಂಗಿ ಅರೂಬ. ಅವಳು ಹೆಣ್ಣುಮಕ್ಕಳ ಶಾಲೆಯಲ್ಲಿ ಗಣಿತ ಹೇಳಿಕೊಡುವವಳು, ಮೂವತ್ತು ದಾಟಿದವಳು, ಹೆಚ್ಚು ಮಾತಿಲ್ಲದವಳು. ತಾಯಿ ಹಾಸಿಗೆ ಹಿಡಿದಿದ್ದ ವರ್ಷಗಳಲ್ಲಿ ಅಣ್ಣ ತಂಗಿಗೆ ಜೊತೆಯಾಗಿದ್ದದ್ದು 'ಯರ್ಮೂಕಿನ ಬುರುಜುಗಳು' ಎಂಬ ಗೇಮ್. ಬೆಟ್ಟದ ನಡುವೆ ಸುತ್ತಿ ಸುತ್ತಿ ಬರುವ ದಾರಿ, ಆ ದಾರಿಯಲ್ಲಿ ಅಲೆಅಲೆಯಾಗಿ ನುಗ್ಗುವ ವೈರಿಗಳು, ಅವರು ಊರಬಾಗಿಲು ಮುಟ್ಟುವ ಮೊದಲು ತಕ್ಕ ತಿರುವಿನಲ್ಲಿ ತಕ್ಕ ಬುರುಜು ಕಟ್ಟಿ ತಡೆಯಬೇಕು. ಇಷ್ಟೇ ಆಟ. ಆದರೆ ಒಂದು ಬುರುಜನ್ನು ಒಂದು ಕಲ್ಲಿನಷ್ಟು ಆಚೆ ಕಟ್ಟಿದರೂ ಊರು ಹೋಯಿತು. ಬೆರಳು ರಾತಿಬನದು, ತಲೆ ಅರೂಬಳದು. ತಾಯಿಗೆ ಗಂಜಿ ಕುಡಿಸುತ್ತಲೇ ಅವಳು ಓರೆಗಣ್ಣಿನಿಂದ ನೋಡಿ "ಅಲ್ಲಲ್ಲ, ಹಳ್ಳದ ಪಕ್ಕ ಇಡು" ಎನ್ನುತ್ತಿದ್ದಳು. ಅವನು ಇಡುತ್ತಿದ್ದ, ಊರು ಉಳಿಯುತ್ತಿತ್ತು. ಹೆಸರು ಮಾತ್ರ ಅವನಿಗೇ ಬಂತು. ತಾಯಿ ಹೋದ ಮೇಲೂ ಆ ಗೇಮ್ ಇಬ್ಬರ ಫೋನಿನಲ್ಲೂ ಉಳಿದಿತ್ತು.

ಹೀಗಿರುವಾಗ ಅದರ ಎರಡನೇ ಭಾಗ ಬಂತು. ರಾಜಧಾನಿ ಅಮ್ಮಾನಿನ ಅದೇ ಚಿಕ್ಕ ಕಂಪನಿ, ಹೊಸ ಯಜಮಾನ. ಶುಕ್ರವಾರ ಬೆಳಿಗ್ಗೆ ಅಣ್ಣ ತಂಗಿ ಜಾಅತರ್ ಪುಡಿ, ಎಣ್ಣೆ, ರೊಟ್ಟಿ ಮುಂದಿಟ್ಟುಕೊಂಡು ಹಬ್ಬಕ್ಕೆ ಕೂತ ಹಾಗೆ ಕೂತರು. ರೊಟ್ಟಿ ಮುಗಿಯುವ ಮೊದಲೇ ರಾತಿಬನಿಗೆ ಹೇಸಿಗೆ ಹುಟ್ಟಿತು. ಸುತ್ತಿ ಬರುತ್ತಿದ್ದ ದಾರಿ ಈಗ ಮೂಗಿನ ನೇರಕ್ಕೆ ಇತ್ತು, ತಿರುವೇ ಇಲ್ಲ. ವೈರಿಗಳು ಬಾಗಿಲಿಗೆ ಬಂದ ಗಳಿಗೆಯಲ್ಲಿ ಹೊಟ್ಟೆ ಕರಗಿಸುವ ಟೀಪುಡಿಯ ಜಾಹೀರಾತು. ಅದು ಮುಗಿಯುವ ತನಕ ವೈರಿಗಳು ಕತ್ತಿ ಎತ್ತಿಕೊಂಡು ಸುಮ್ಮನೆ ನಿಂತಿದ್ದರು. ಲೆಕ್ಕ ಹಾಕಿ ಕಟ್ಟಿದ ಬುರುಜು ಉದುರಿ ಬೀಳುತ್ತಿತ್ತು, ದುಡ್ಡು ಕೊಟ್ಟು ಗೇಮಿನ ಹರಳು ಕೊಂಡವನ ಮಣ್ಣುಗುಡ್ಡೆ ಜಗ್ಗದೆ ನಿಲ್ಲುತ್ತಿತ್ತು. ಕೊನೆಗೆ ಒಂದು ಗುಂಡಿ ಹೊಳೆಯಿತು. ಅದನ್ನು ಒತ್ತಿದರೆ ಗೇಮ್ ತನ್ನನ್ನು ತಾನೇ ಆಡಿಕೊಳ್ಳುತ್ತದೆ.

"ಮತ್ತೆ ನಾವು ಯಾಕೆ ಬೇಕಿತ್ತು?" ಎಂದಳು ಅರೂಬ.

ಬೇರೆಯವರ ಅಭಿಪ್ರಾಯ ಓದಿದ ಮೇಲಂತೂ ಹೇಸಿಗೆ ಇನ್ನೂ ಹೆಚ್ಚಾಯಿತು. ಐದೈದು ನಕ್ಷತ್ರ, ಸಾಲು ಸಾಲು. 'ಬಹಳ ಸುಂದರ ಗೇಮ್, ಕೈಗಳಿಗೆ ಬರಕತ್ತು ಸಿಗಲಿ.' 'ಇಂಥದ್ದು ಕಂಡಿರಲಿಲ್ಲ, ನಮ್ಮ ಕಣ್ಮಣಿ.' ಗೇಮ್ ತೆರೆದೇ ನೋಡದವರ ಮಾತು ಎಂದು ಮೂರು ಪದ ಓದಿದರೆ ತಿಳಿಯುತ್ತಿತ್ತು. ಬರೆದವರ ಹೆಸರಿನ ಕೊನೆಯಲ್ಲೆಲ್ಲ ಒಂದೇ ಮನೆತನ.

"ಇದು ಗೇಮಿನ ಅಭಿಪ್ರಾಯ ಅಲ್ಲ ಅಣ್ಣ, ಯಾರದೋ ಮದುವೆ ಕರೆಯೋಲೆ," ಎಂದು ಅರೂಬ ನಕ್ಕಳು.

ರಾತಿಬ್ ನಗಲಿಲ್ಲ. ಒಂದೇ ನಕ್ಷತ್ರ ಒತ್ತಿ, ಕೂತು ಉದ್ದಕ್ಕೆ ಬರೆದ. ಮೊದಲನೆಯದು ನಮ್ಮ ತಲೆಯನ್ನು ನಂಬಿತ್ತು, ಇದು ನಮ್ಮ ಜೇಬಿಗೆ ಕೈ ಹಾಕುತ್ತದೆ ಎಂದು ಶುರುಮಾಡಿ, ಯಾವ ಹಂತದಲ್ಲಿ ಹೇಗೆ ಮೋಸ ಎಂದು ಬಿಡಿಸಿ ಹೇಳಿದ. ಕೊನೆಯ ಸಾಲನ್ನು ಅರೂಬ ಹೇಳಿಕೊಟ್ಟಳು: 'ಊಟಕ್ಕೆ ಕರೆದು ತಟ್ಟೆಯ ಬಾಡಿಗೆ ಕೇಳುವ ಮನೆ ಇದು.' ನೊಂದ ಆಟಗಾರರು ಎಷ್ಟು ಮಂದಿಯಿದ್ದರೋ, ಎಲ್ಲರೂ ಬಂದು 'ಇದು ಉಪಯೋಗಕ್ಕೆ ಬಂತು' ಎಂದು ಒತ್ತಿದರು. ಅವನ ಬರಹ ಎಲ್ಲಕ್ಕಿಂತ ಮೇಲೆ ಹೋಗಿ ಕೂತಿತು. ಹೊಸಬರು ಅದನ್ನು ಓದಿ ಬಾಗಿಲಿನಿಂದಲೇ ತಿರುಗಿ ಹೋಗತೊಡಗಿದರು.

ಇದಾಗಿ ಸ್ವಲ್ಪ ದಿನಕ್ಕೆ ಅರೂಬಳನ್ನು ನೋಡಲು ಹೆಂಗಸರು ಬಂದರು. ಊರ ಹಿರಿಯ ಹಾಜಿ ಮುತ್ಲಕನ ಹೆಂಡತಿ, ಅವಳ ನಾದಿನಿ. ಹುಡುಗ ಹಾಜಿಯ ಮಗ ರದ್ವಾನ್, ದನದ ಡಾಕ್ಟರು, ಸೌಮ್ಯ. ಗೇಮಿಗೆ ಹೊಗಳಿಕೆ ಬರೆದವರದೂ ಇದೇ ಮನೆತನ ನಿಜ, ಆದರೆ ಅರ್ಧ ಊರಿನ ಜನರೆಲ್ಲ ಆ ಮನೆತನದವರೇ. ಎರಡನ್ನೂ ತಳಕು ಹಾಕುವ ಬುದ್ಧಿ ಯಾರಿಗೆ ಬಂದೀತು? ಅರೂಬ ಬೇಡ ಎನ್ನಲಿಲ್ಲ. ಅವಳ ಬಾಯಲ್ಲಿ ಅದೇ ದೊಡ್ಡ ಒಪ್ಪಿಗೆ. ಅದಕ್ಕೂ ಹಿಂದೆ ಬಂದ ಗಂಡುಗಳು ತಾಯಿಯ ಕಾಯಿಲೆಯ ಕಾಲದಲ್ಲಿ ಕಾದು ಕಾದು ಬೇರೆ ಕಡೆ ಹೋಗಿದ್ದರು, ಅದು ರಾತಿಬನ ಎದೆಯಲ್ಲಿ ಮುಳ್ಳಾಗಿ ಉಳಿದಿತ್ತು.

ಆಮೇಲೆ ಹಾಜಿ ಮುತ್ಲಕ್ ತಾನೇ ಫೋನ್ ಮಾಡಿದ. "ಶುಕ್ರವಾರ ಸಂಜೆ ಅಸರ್ ನಮಾಜ್ ಮುಗಿಸಿ ನಿಮ್ಮನೇಲಿ ಕಾಫಿ ಕುಡಿಯೋಣ ಅಂತ ಇದ್ದೀವಿ, ನಾಲ್ಕು ಜನ ಹಿರಿಯರು."

ಹಿರಿಯರು ಗುಂಪು ಕಟ್ಟಿಕೊಂಡು ಕಾಫಿಗೆ ಬರುತ್ತಾರೆಂದರೆ ನಮ್ಮಲ್ಲಿ ಹೆಣ್ಣು ಕೇಳಲು ಎಂದಲ್ಲದೆ ಇನ್ನೇನು ಅರ್ಥ? ರಾತಿಬ್ ಅಂಗಡಿ ಮುಚ್ಚಿ, ಕುನಾಫ ಎಂಬ ಸಿಹಿಯ ತಟ್ಟೆ ಹೊತ್ತು ತಂದ. ಅರೂಬ ದ್ರಾಕ್ಷಿ ಬಣ್ಣದ ಉಡುಪು ಉಟ್ಟು, ಏಲಕ್ಕಿ ಹಾಕಿ ಕಹಿ ಕಾಫಿ ಕಾಯಿಸಿ, ಅಡಿಗೆಮನೆಯ ಬಾಗಿಲ ಹಿಂದೆ ನಿಂತಳು.

ಹಿರಿಯರು ಬಂದರು, ಭುಜಕ್ಕೆ ತೆಳು ನಿಲುವಂಗಿ ಹೊದ್ದು. ಅವರ ಹಿಂದೆ ಹಾಜಿಯ ತಮ್ಮನ ಮಗ ಕುತೈಬಾ ಎಂಬವನು, ಹೊಳೆಯುವ ಬೂಟು, ಕೈಯಲ್ಲಿ ಎರಡು ಫೋನು. ರಾತಿಬ್ ಮೊದಲ ಬಟ್ಟಲು ಹಾಜಿಗೆ ಕೊಟ್ಟ. ಹಾಜಿ ಅದನ್ನು ತುಟಿಗೆ ಸೋಕಿಸದೆ ಮುಂದಿನ ಮಣೆಯ ಮೇಲಿಟ್ಟ. ಬೇಡಿಕೆ ಇರುವವನು ಹೀಗೆ ಬಟ್ಟಲು ಕೆಳಗಿಟ್ಟು ತನ್ನ ಮಾತು ಹೇಳಬೇಕು, ಮನೆಯವನು ಒಪ್ಪಿದ ಮೇಲೆ ಕುಡಿಯಬೇಕು. ಒಪ್ಪಿದ ಮಾತನ್ನು ತಪ್ಪಿದವನ ಮನೆಯ ನೀರನ್ನೂ ಮತ್ತೆ ಯಾರೂ ಮುಟ್ಟುವುದಿಲ್ಲ. ರಾತಿಬನಿಗೆ ಇದೆಲ್ಲ ಗೊತ್ತು. ಆದರೆ ಖುಷಿಗೆ ತಾಳ್ಮೆ ಎಲ್ಲಿದೆ? ಹಾಜಿ ಬಾಯಿ ತೆರೆಯುವ ಮೊದಲೇ ಇವನ ಬಾಯಿ ಮುಂದೋಡಿತು.

"ಕಾಫಿ ಕುಡೀರಿ ಹಾಜಿ. ನೀವು ಏನು ಕೇಳೋಕೆ ಬಂದಿದ್ದೀರೋ ಅದು ಕೊಟ್ಟಾಯ್ತು."

ಹಾಜಿ ಒಂದು ಕ್ಷಣ ಅವನ ಮುಖ ನೋಡಿದ. ಆಮೇಲೆ ಬಟ್ಟಲೆತ್ತಿ ಗುಟುಕರಿಸಿ, ಮೀಸೆ ಒರೆಸಿಕೊಂಡ. ಉಳಿದವರೂ ಕುಡಿದರು.

"ದೊಡ್ಡ ಮನಸ್ಸು ನಿಂದು," ಎಂದ ಹಾಜಿ. "ಈಗ ನಮ್ಮ ಕುತೈಬಾ ಯಜಮಾನ ಆಗಿರೋ ಕಂಪನಿಯ ಗೇಮ್ ಬಗ್ಗೆ ಏನೋ ಬರೆದಿದ್ದೀಯಂತೆ. ಅದನ್ನ ತೆಗೆದುಬಿಡು ಮಗಾ."

ರಾತಿಬ್ ಹಾಜಿಯಿಂದ ಕುತೈಬಾನ ಕಡೆಗೆ ತಿರುಗಿದ. "ಗೇಮಾ?"

"ಎಲ್ಲಾದಕ್ಕಿಂತ ಮೇಲೆ ನಿಮ್ಮದೇ ಕಾಣುತ್ತೆ ರಾತಿಬಣ್ಣ," ಎಂದ ಕುತೈಬಾ. "ನಮ್ಮೋರೆಲ್ಲ ಅಷ್ಟು ಸ್ಟಾರ್ ಕೊಟ್ಟು ಎತ್ತಿದ್ರೆ, ನಿಮ್ಮದೊಂದು ಎಲ್ಲಾನೂ ಕೆಳಕ್ಕೆ ಎಳೀತಿದೆ."

"ಬರೆದಿದ್ರಲ್ಲಿ ಸುಳ್ಳು ಯಾವುದು, ಹೇಳಪ್ಪ."

"ಸುಳ್ಳು ಅಂತ ಯಾರಂದ್ರು? ಆ ದರಿದ್ರಾನ ನಾನೇ ಆಡಲ್ಲ."

ಹಿರಿಯರು ನಕ್ಕರು. ನಮಾಜಿನಿಂದ ನೇರ ಎದ್ದು ಬಂದ ಗಡ್ಡಗಳು, ಒಂದಕ್ಕೂ ನಾಚಿಕೆಯಿಲ್ಲ. ರಾತಿಬನಿಗೆ ಅವರು ಕೂತ ದಿಂಬುಗಳನ್ನೆಲ್ಲ ಬಿಸಿಲಿಗೆ ಹಾಕಬೇಕೆನಿಸಿತು. ಅಡಿಗೆಮನೆಯ ಬಾಗಿಲ ಕಡೆ ನೋಡುವ ಧೈರ್ಯ ಬರಲಿಲ್ಲ.

ಹಾಜಿ ದನಿ ತಗ್ಗಿಸಿದ. "ಹೆಂಗಸರು ಬಂದು ಹೋದ್ರಲ್ಲ, ಆ ವಿಷಯಾನೂ ನನ್ನ ಮನಸ್ಸಲ್ಲಿದೆ. ಮೊದಲು ಇದು ಆಗಲಿ. ಮನಸ್ಸು ತಿಳಿಯಾದ ಮೇಲೆ ಅದರ ಮಾತು."

ಸಂತೆಯಲ್ಲಿ ಕುರಿ ಕೊಳ್ಳುವವನೂ ಕುರಿಯೆದುರು ಇಷ್ಟು ನಾಚಿಕೆ ಬಿಟ್ಟು ಮಾತಾಡುವುದಿಲ್ಲ. ರಾತಿಬ್ ಫೋನ್ ತೆಗೆದ. ಕಾಫಿ ಅವರ ಗಂಟಲಿಳಿದಾಗಿತ್ತು, ಮಾತು ತನ್ನ ಬಾಯಿಂದಲೇ ಬಿದ್ದಿತ್ತು. ಎಲ್ಲರೂ ನೋಡುತ್ತಿದ್ದಂತೆ ತಾನು ಬರೆದದ್ದನ್ನು ಅಳಿಸಿದ.

"ಹಾಗೇ ಐದು ಸ್ಟಾರ್ ಕೊಟ್ಟುಬಿಡಿ ಅಣ್ಣ," ಎಂದ ಕುತೈಬಾ. "ಹೇಗಿದ್ರೂ ಕೈಯಲ್ಲಿ ಫೋನ್ ಇದೆ."

"ತೆಗಿ ಅಂದ್ರಿ, ತೆಗೆದೆ. ಬರಿ ಅಂತ ಕಾಫಿ ಕುಡಿದಿಲ್ಲ ನೀವು."

ಅವರು ಕುನಾಫವನ್ನೂ ಬಿಡಲಿಲ್ಲ. ತಿಂದು, ಬೆರಳು ನೆಕ್ಕಿ, ಮನೆಗೆ ಒಳ್ಳೆಯದಾಗಲಿ ಎಂದು ಹರಸಿ ಹೋದರು.

ಅರೂಬ ಹೊರಗೆ ಬಂದು ಬಟ್ಟಲುಗಳನ್ನು ಒಂದೊಂದಾಗಿ ಎತ್ತಿದಳು, ತುಟಿ ತಾಕಿದ ಅಂಚು ಮುಟ್ಟದ ಹಾಗೆ ಬುಡದಲ್ಲಿ ಹಿಡಿದು.

"ನನ್ನನ್ನ ಕೇಳೋಕೆ ಬಂದಿದ್ದಾರೆ ಅಂದ್ಕೊಂಡೆ," ಎಂದಳು. "ಒಂದು ಸ್ಟಾರ್ ಕೇಳೋಕೆ ಬಂದಿದ್ರು."

"ಕೇಳೋ ಮೊದಲೇ ಮಾತು ಕೊಟ್ಟುಬಿಟ್ಟೆ ಕಣೇ. ನನ್ನಂಥ ಕತ್ತೆ ಇನ್ನೊಂದಿಲ್ಲ."

"ಕೊಟ್ಟಿದ್ದು ನೀನು. ನಾನು ಬರೀ ಕಾಫಿ ಕಾಯಿಸಿದೆ. ನನ್ನ ಮಾತು ಯಾರೂ ಕೇಳಲಿಲ್ಲ, ನಾನು ಕೊಡಲೂ ಇಲ್ಲ."

ಅವಳು ತನ್ನ ಫೋನ್ ತೆಗೆದುಕೊಂಡು ಹಾಜಿ ಕೂತಿದ್ದ ದಿಂಬನ್ನು ಕಾಲಿನಿಂದ ಸರಿಸಿ ಕೂತಳು. ಏನು ಮಾಡುತ್ತಾಳೆಂದು ರಾತಿಬನಿಗೆ ತಿಳಿಯಿತು.

"ಬೇಡ ಅರೂಬ. ಬರೆದ್ರೆ ಆ ಸಂಬಂಧ ಮುಗೀತು. ರದ್ವಾನ್ ಒಳ್ಳೆಯವನು, ನಿಂಗೂ..."

"ಒಳ್ಳೆಯವನೇ ಇರಬಹುದು. ಇವತ್ತು ಅವರಪ್ಪ ಏನು ಕೇಳೋಕೆ ಹೊರಟಿದ್ದಾರೆ ಅಂತ ಅವನಿಗೆ ಗೊತ್ತಿರಲಿಲ್ವಾ?" ಅವಳು ತಲೆ ಎತ್ತಲಿಲ್ಲ. "ಒಂದು ಸ್ಟಾರ್ ತೆಗೆದ್ರೆ ಸಿಗೋ ಗಂಡ, ಆಮೇಲೆ ಇನ್ನೂ ಏನೇನು ತೆಗೆಸ್ತಾನೋ."

ಅವಳು ಬಹಳ ಹೊತ್ತು ಬರೆದಳು, ತಂದೆಯ ಹೆಸರು ಮನೆತನದ ಹೆಸರು ಸೇರಿಸಿ ತನ್ನ ಪೂರ್ತಿ ಹೆಸರಿನಲ್ಲಿ. ದಾರಿಯ ಲೆಕ್ಕ, ಹರಳಿನ ಲೆಕ್ಕ, ಜಾಹೀರಾತಿನ ಲೆಕ್ಕ ಎಲ್ಲ ಅಣ್ಣನದಕ್ಕಿಂತ ಚೊಕ್ಕ. ತಟ್ಟೆಯ ಬಾಡಿಗೆಯ ಸಾಲು ಹೇಗಿದ್ದರೂ ಅವಳದೇ, ಅದನ್ನೂ ಹಾಕಿದಳು. ಆಮೇಲೆ ಎದ್ದು ಹೋಗಿ, ಆ ಉಡುಪಿನಲ್ಲೇ ನಿಂತು, ಬಟ್ಟಲುಗಳನ್ನು ತಿಕ್ಕಿ ತಿಕ್ಕಿ ತೊಳೆಯತೊಡಗಿದಳು. ನಲ್ಲಿ ಬಹಳ ಹೊತ್ತು ಹರಿಯುತ್ತಲೇ ಇತ್ತು.

ರಾತಿಬ್ ತನ್ನ ಫೋನಿನಲ್ಲಿ ಹುಡುಕಿದ. ಹೊಗಳಿಕೆಗಳ ರಾಶಿಯ ಅಡಿಯಲ್ಲಿ, ಒಂದು ನಕ್ಷತ್ರದ ಪಕ್ಕದಲ್ಲಿ, ತಂಗಿಯ ಹೆಸರು ಸಿಕ್ಕಿತು. ಪೂರ್ತಿ ಓದಿದ. ಇದು ನಿಮಗೆ ಉಪಯೋಗಕ್ಕೆ ಬಂತೇ ಎಂದು ಕೆಳಗೆ ಕೇಳಿತ್ತು. ಅವನು ಹೌದು ಎಂದು ಒತ್ತಿದ. ಅದನ್ನು ಒತ್ತಬೇಡ ಎಂದು ಹಾಜಿ ಕೇಳಿರಲಿಲ್ಲ.