ಮೂರು ಶೆಡ್ಡಿನ ವೈಫೈ

ನನ್ನ ಗಂಡ ಮತ್ತು ಅವರ ಇಬ್ಬರು ಅಣ್ಣಂದಿರು ಬೇರೆಯಾದಾಗ ಅಕ್ಕಲಕೋಟ ರಸ್ತೆಯ ಟವೆಲ್ ಕಾರ್ಖಾನೆಯನ್ನೂ ಹಂಚಿಕೊಂಡರು. ದೊಡ್ಡವರಿಗೆ ನೂಲಿನ ಬಣ್ಣ, ನಡುವಿನವರಿಗೆ ಮಗ್ಗ, ನಮಗೆ ಹೊಲಿಗೆ ಮತ್ತು ಪ್ಯಾಕಿಂಗ್. ಟವೆಲ್ಲು ಮಾತ್ರ ಮೂರೂ ಶೆಡ್ಡು ದಾಟಿಯೇ ಹೊರಬೀಳಬೇಕು. ತಗಡಿನ ಶೆಡ್ಡಿನೊಳಗೆ ಮೊಬೈಲ್ ಸಿಗ್ನಲ್ಲು ಬರುವುದಿಲ್ಲವೆಂದು ವೈಫೈ ತಂದರು, ಅದನ್ನೂ ಹಂಚಿದರು: ಒಬ್ಬೊಬ್ಬರಿಗೆ ಒಂದು ಡಬ್ಬಿ, ಒಂದು ಹೆಸರು, ತಮ್ಮಂದಿರಿಗೂ ಅಣ್ಣಂದಿರಿಗೂ ಹೇಳದ ಪಾಸ್‌ವರ್ಡು. ಚಹಾ ಒಯ್ಯುವ ನೆಪದಲ್ಲಿ ಮೂರೂ ಪಾಸ್‌ವರ್ಡನ್ನು ಫೋನಿಗೆ ಹಾಕಿಸಿಕೊಂಡವಳು ನಾನೊಬ್ಬಳೇ.

ಹುಬ್ಬಳ್ಳಿಯ ವ್ಯಾಪಾರಿ ಹೆಂಗಸೊಬ್ಬರು ನಾನು ಬಿಡಿಸಿದ ಅಂಚಿನ ಟವೆಲ್ಲು ಮೆಚ್ಚಿದರು. ನನ್ನ ಡಿಸೈನಿಗೆ ಅದೇ ಮೊದಲ ಗಿರಾಕಿ. ನೂಲಿನಿಂದ ಪ್ಯಾಕಿಂಗಿನವರೆಗೆ ವಿಡಿಯೋ ಕಾಲಿನಲ್ಲಿ ತೋರಿಸಿ, ಆಮೇಲೆ ಆರ್ಡರು ಎಂದರು. ಫೋನು ಹಿಡಿದು ಹೊರಟೆ. ಬಣ್ಣದ ಶೆಡ್ಡಿನ ಹೊಸ್ತಿಲು ದಾಟಿ ಹೊರಬಿದ್ದದ್ದೇ ತಡ, ಫೋನಿನಲ್ಲಿ ಅವರ ಮುಖ ಬಾಯಿ ತೆರೆದಂತೆಯೇ ನಿಂತುಬಿಟ್ಟಿತು. ಮಗ್ಗದ ಹತ್ತಿರ ಬಂದರೂ ಫೋನು ಹಿಂದಿನ ಡಬ್ಬಿಯ ಸೆರಗನ್ನೇ ಹಿಡಿದಿತ್ತು. ಅದೂ ನಮ್ಮ ಮನೆತನದ್ದೇ, ಹಿಡಿದಿದ್ದನ್ನು ಬಿಡುವುದಿಲ್ಲ. ಬಿಟ್ಟಾಗ ವಿಡಿಯೋ ಕಾಲೇ ಕಡಿದುಹೋಯಿತು. ಮುಂದಿನ ಬಾಗಿಲಲ್ಲೂ ಅದೇ ಹಾಡು.

"ನಿಮ್ಮವು ಮೂರು ಕಂಪನಿ ಏನ್ರಿ?" ಎಂದರು ಹುಬ್ಬಳ್ಳಿಯವರು, ಬಾಗಿಲಿಗೊಮ್ಮೆ ಕಡಿದದ್ದು ನೋಡಿ.

ಒಂದೇ, ಮಾಲಕರು ಮೂವರು ಅಣ್ಣತಮ್ಮಂದಿರು ಎಂದೆ. ನಂಬಲಿಲ್ಲ, ಸೋಮವಾರ ಇನ್ನೊಮ್ಮೆ ನೋಡುತ್ತೇನೆ, ಅದೇ ಕೊನೆ ಎಂದರು. ನನಗೆ ಅಳುವೂ ಸಿಟ್ಟೂ ಒಟ್ಟಿಗೇ ಬಂದವು.

ವೈಫೈ ಕೂಡಿಸುವವನನ್ನು ಕರೆಸಿದೆ. ಮೂರೂ ಡಬ್ಬಿ ಒಂದೇ ಜಾಲಕ್ಕೆ ಜೋಡಿಸಿ ಒಂದೇ ಹೆಸರು, ಒಂದೇ ಪಾಸ್‌ವರ್ಡು ಇಟ್ಟರೆ ಫೋನು ನಡೆದಂತೆ ಡಬ್ಬಿ ಬದಲಿಸುತ್ತದೆ, ಮಾತು ಕಡಿಯುವುದಿಲ್ಲ ಎಂದ. ಯಾರ ಹೆಸರು? ಅಲ್ಲಿಗೇ ಬತ್ತಿ ಹೊತ್ತಿತು. ದೊಡ್ಡವರು ಹಿರಿತನ ತೆಗೆದರು. ಮಗ್ಗವಿಲ್ಲದೆ ಟವೆಲ್ಲೆಲ್ಲಿ ಎಂದರು ನಡುವಿನವರು. ಗಿರಾಕಿ ತಮ್ಮವರೆಂದರು ನನ್ನ ಗಂಡ. ಮೂವರಿಗೂ ಮಾತಿಲ್ಲವಾದ್ದರಿಂದ ಜಗಳವನ್ನೂ ನಾನೇ ಶೆಡ್ಡಿನಿಂದ ಶೆಡ್ಡಿಗೆ ಹೊತ್ತೆ. ಅದು ಎಲ್ಲಿಯೂ ಕಡಿಯಲಿಲ್ಲ. ಕೊನೆಗೆ ತೀರಿಹೋದ ಅತ್ತೆಯ ಹೆಸರಿಟ್ಟೆ. ಅದಕ್ಕೆ ಮೂವರೂ ತಂತಮ್ಮ ಡಬ್ಬಿ ಮುಟ್ಟಗೊಟ್ಟರು.

ಸೋಮವಾರ ಫೋನು ಅತ್ತೆಯ ಹೆಸರು ಹಿಡಿದು ಮೂರು ಶೆಡ್ಡನ್ನೂ ಸಲೀಸಾಗಿ ದಾಟಿತು. ಹುಬ್ಬಳ್ಳಿಯವರು ಆರ್ಡರು ಕೊಟ್ಟೇಬಿಟ್ಟರು. ಆಮೇಲೆ ಖುಷಿಯಿಂದ ಅಂದರು: "ಮಾಲಕರು ಮೂರೂ ಮಂದಿ ಒಮ್ಮೆ ಕೂಡಿ ನಿಂದರ್ಲಿ, ನೋಡೂಣು."

ಹೊರಗೆ ನೋಡಿದೆ. ಮೂವರೂ ತಂತಮ್ಮ ಬಾಗಿಲಲ್ಲಿ ನಿಂತಿದ್ದರು. ಅವರು ಕೊನೆಯ ಸಲ ಕೂಡಿ ನಿಂತದ್ದು ಅತ್ತೆಯನ್ನು ಮಣ್ಣು ಮಾಡಿದ ದಿನ.

"ಅಕ್ಕಾರ, ನಮ್ಮಲ್ಲಿ ನೆಟ್‌ವರ್ಕ್ ಭಾಳ ಖರಾಬ್ ಐತ್ರಿ," ಎಂದು ಫೋನು ಕಟ್ ಮಾಡಿದೆ.