ಕೊನೆಯ ಸಾಲಿಗೆ ಹೋದ ಫೋಟೋ

ಸಂಜೆ ಐದು ಗಂಟೆ ಹತ್ತು ನಿಮಿಷಕ್ಕೆ ಮೈದಾನದ ಹಿಂಭಾಗದ ಧ್ವನಿವರ್ಧಕದ ಹಾರ್ನ್‌ಗಳು ನಿಂತವು. ಕಳೆದ ವರ್ಷ, ಬೇಸಿಗೆಯ ಆರಂಭ. ಅಕ್ಕಲಕೋಟೆಯ ಒಂದು ಶಾಲೆಯ ಮೈದಾನದಲ್ಲಿ ಮಾಜಿ ಶಾಸಕರೊಬ್ಬರ ಶ್ರದ್ಧಾಂಜಲಿ ಸಭೆ ನಡೆದಿತ್ತು. ಧ್ವನಿವ್ಯವಸ್ಥೆ ನನ್ನದು. ಎಲೆಕ್ಟ್ರಾನಿಕ್ಸ್‌ನಲ್ಲಿ ಬಿ.ಎಸ್ಸಿ. ಮುಗಿಸಿ, ಸೊಲ್ಲಾಪುರದ ನವಿ ಪೇಠದಲ್ಲಿ ನಮ್ಮ ಮನೆತನದ ಬಟ್ಟೆ ಅಂಗಡಿಯ ಮಹಡಿಯಲ್ಲಿ ಮೈಕ್ ಸೆಟ್ಟಿನ ವ್ಯವಹಾರ ಶುರು ಮಾಡಿದವನು ನಾನು. ಆ ಶಾಸಕರ ಸ್ಮರಣ ಸಂಚಿಕೆಗೆ ಏನಾದರೂ ಬರೆಯಿರಿ ಎಂದು ಕೇಳಿದಾಗ ಆ ಸಂಜೆಯ ಹೊರತು ಬೇರೇನೂ ನೆನಪಾಗಲಿಲ್ಲ.

ಅವರನ್ನು ಎಲ್ಲರೂ ಮಾಸ್ತರ್ ಎನ್ನುತ್ತಿದ್ದರು. ಕನ್ನಡ ಶಾಲೆಯ ಶಿಕ್ಷಕರಾಗಿದ್ದು ರಾಜಕೀಯಕ್ಕೆ ಬಂದವರು. ಅವರ ಸಭೆಯೆಂದರೆ ನನಗೆ ಉದ್ದನೆಯ ವೈರಿನ ತಲೆನೋವು. ವೇದಿಕೆ ಹತ್ತುವ ಮೊದಲು ಮೈಕ್ ಹಿಡಿದು ಜನರ ಹಿಂದೆ ಹೋಗಿ, ನೆಲದ ಮೇಲೆ ಕೂತು, ಕೊನೆಯ ಸಾಲಿನವರ ಅಹವಾಲನ್ನು ಮೊದಲು ಕೇಳುತ್ತಿದ್ದರು. ಮುಂದಿನ ಪುಢಾರಿಗಳು ಕುರ್ಚಿ ತಿರುಗಿಸಿಕೊಳ್ಳಬೇಕಾಗುತ್ತಿತ್ತು. ಕಾರ್ಡ್‌ಲೆಸ್ ಮೈಕ್ ಬಂದ ದಿನ ನನ್ನಷ್ಟು ಸಂತೋಷಪಟ್ಟವರು ಯಾರೂ ಇರಲಿಕ್ಕಿಲ್ಲ.

ಒಮ್ಮೆ ಸಲಗರ ಬುದ್ರುಕ ಎಂಬ ಹಳ್ಳಿಯಲ್ಲಿ ಹಾಗೆ ಕೂತಾಗ, ಕುರಿ ಸಾಕುವ ಲಗಮವ್ವ ಎಂಬ ಮುದುಕಿ, ಕುರಿಗಳು ಸಾಯುತ್ತಿವೆ, ದನದ ಡಾಕ್ಟರು ತಾಲ್ಲೂಕಿನ ಊರು ಬಿಟ್ಟು ಬರುವುದಿಲ್ಲ ಎಂದಳು. ಮಾಸ್ತರ್ ಅಂದು ಭಾಷಣವನ್ನೇ ಮಾಡಲಿಲ್ಲ. ಮುಂದಿನ ಸಂತೆಯ ದಿನ ಡಾಕ್ಟರನ್ನು ಕರೆತಂದರು. ಸೂಜಿ ಹಾಕುವಾಗ ತಾವೇ ಕುರಿ ಹಿಡಿದು ನಿಂತರು. ಆಮೇಲೆ ಪ್ರತಿ ಸಂತೆಗೂ ಡಾಕ್ಟರು ಬರುವಂತಾಯಿತು.

ಶ್ರದ್ಧಾಂಜಲಿಗೆ ಲಗಮವ್ವ ಊರವರ ಟೆಂಪೋದಲ್ಲಿ ಮಧ್ಯಾಹ್ನವೇ ಬಂದಿದ್ದಳು. ವೇದಿಕೆಯ ಮುಂದಿನ ಕಬ್ಬಿಣದ ಬ್ಯಾರಿಕೇಡಿಗೆ ಆಚೆಯಿಂದ ಒರಗಿ, ಈಚೆಗಿದ್ದ ನನ್ನ ಮಿಕ್ಸರಿನ ಪಕ್ಕದಲ್ಲೇ ಕೂತಳು. ಎಲ್ಲ ಮೈಕುಗಳ ಧ್ವನಿ ಬಂದು ಸೇರುವ ಯಂತ್ರ ಅದು.

"ಏ ತಮ್ಮಾ, ನಿನ್ನ ಡಬ್ಬಿ ಎಷ್ಟು ಒದರ್ತದೋ! ಮಾಸ್ತರ ಹಿಂಗ ಒದರ್ತಿದ್ದಿಲ್ಲ."

"ಮುಂದ ಕುಂತ್ರ ಹಂಗs ಆಯಿ. ಹಿಂದ ಹೋಗಿ ಕೂಡು."

"ಹಿಂದ ಕುಂತು ಕುಂತು ಸಾಕಾಗ್ಯಾದ. ಇವತ್ತರ ಮುಂದ ಕೂಡ್ತೀನಿ."

ಹಿಂದಿನ ಹಾರ್ನ್‌ಗಳಿಗೆ ಬೇರೆ ಜನರೇಟರ್ ಇತ್ತು. ನಿಂತದ್ದು ಅದು. ಡೀಸೆಲ್‌ನಲ್ಲಿ ನೀರು ಸೇರಿತ್ತೆಂದು ಮರುದಿನ ತಿಳಿಯಿತು. ಹಿಂದಿದ್ದ ಜನ ಮಾತ್ರ ಬೇರೆಯೇ ತಿಳಿದರು. ಭಾಷಣ ಮುಗಿಯಿತು, ಫೋಟೋಗೆ ಹೂ ಹಾಕುವುದು ಶುರುವಾಯಿತು ಎಂದುಕೊಂಡು ಕೈಯಲ್ಲಿ ಹೂ ಹಿಡಿದು ಎದ್ದು ಮುಂದಕ್ಕೆ ಬಂದರು. ಯಾರೂ ಓಡಲಿಲ್ಲ, ಯಾರೂ ಜಗಳವಾಡಲಿಲ್ಲ. ಸುಮ್ಮನೆ ಒಂದೊಂದು ಹೆಜ್ಜೆ ಮುಂದೆ ಬಂದರು. ಆ ಹೆಜ್ಜೆಗಳ ಭಾರವೆಲ್ಲ ಬ್ಯಾರಿಕೇಡಿನ ಮೇಲೆ ಬಿತ್ತು.

ವೇದಿಕೆಯಿಂದ "ಹಿಂದ ಸರೀರಿ, ಮಾಗೇ ಸರಾ" ಎಂದು ಕನ್ನಡ, ಮರಾಠಿ ಎರಡರಲ್ಲೂ ಕೂಗಿದರು. ಕೇಳಿಸಿದವರಿಗೆ ಸರಿಯಲು ಜಾಗವಿರಲಿಲ್ಲ. ಸರಿಯಬೇಕಾದವರಿಗೆ ಕೇಳಿಸಲಿಲ್ಲ.

ಲಗಮವ್ವ ಎದ್ದು ನಿಲ್ಲುವಷ್ಟರಲ್ಲಿ ಕಂಬಿಗೆ ಸಿಕ್ಕಿಬಿದ್ದಳು. ಅವಳ ಎದೆ ಕಂಬಿಗೆ ಒತ್ತಿತ್ತು. ಬಾಯಿ ತೆರೆದಿತ್ತು, ಆದರೆ ಸದ್ದು ಬರುತ್ತಿರಲಿಲ್ಲ. ನಾನು ಈಚೆಯಿಂದ ಬ್ಯಾರಿಕೇಡ್ ಎಳೆದೆ. ಅಲುಗಲಿಲ್ಲ. ಅವಳು ನನ್ನ ಮುಂಗೈ ಹಿಡಿದುಕೊಂಡಳು.

ಆಗ ಮಾಸ್ತರರ ಮಗಳು ಶೈಲಕ್ಕ ವೇದಿಕೆಯಿಂದ ಇಳಿದು ಬಂದರು. ಹಾರ ಹಾಕಿದ್ದ ಫೋಟೋ ಅವರ ಕೈಯಲ್ಲಿತ್ತು. ಸಂಘಟಕರೊಬ್ಬರು ಬೆನ್ನ ಹಿಂದೆಯೇ, "ಫೋಟೋ ಹಲವೂ ನಕಾ, ಲೋಕ ಭಡಕತೀಲ!" ಎಂದು ಕೂಗುತ್ತ ಬಂದರು. ಫೋಟೋ ಕದಲಿಸಿದರೆ ಜನ ಕೆರಳುತ್ತಾರೆಂಬ ಭಯ ಅವರಿಗೆ.

"ನಮ್ಮಪ್ಪನ ಫೋಟೋ ಅದ, ನಾ ನೋಡ್ಕೋತೀನಿ," ಎಂದರು ಶೈಲಕ್ಕ. ನನ್ನ ಕಡೆ ತಿರುಗಿ, "ಮಹೇಶಣ್ಣ, ಅಪ್ಪಾರು ಎಂದರ ಮುಂದಿನ ಸಾಲಿನಿಂದ ಶುರು ಮಾಡ್ಯಾರೇನು? ಗಾಡಿ ತಗೀರಿ."

ವೇದಿಕೆಯ ಹಿಂದೆ ನನ್ನ ಟೆಂಪೋ ಇತ್ತು. ಊರೂರು ಡಂಗುರ ಸಾರಲು ಬಳಸುವ ಬ್ಯಾಟರಿ ಮೈಕ್ ಸೆಟ್ ಅದರ ಮೇಲೆಯೇ ಇತ್ತು. ಓಡಿಸಲು ಗೊತ್ತಿದ್ದವನು ಅಲ್ಲಿ ನಾನೊಬ್ಬನೇ. ಲಗಮವ್ವನ ಬೆರಳುಗಳನ್ನು ಒಂದೊಂದಾಗಿ ಬಿಡಿಸಿ ಹೋದೆ. ಅವಳು ನನ್ನ ಮುಖವನ್ನೇ ನೋಡುತ್ತಿದ್ದಳು.

ಶೈಲಕ್ಕನ ಜೊತೆ, ಸಭೆಗೆ ಬಂದಿದ್ದ ಬೀರಪ್ಪನ ಗುಡಿಯ ಡೊಳ್ಳಿನವರೂ ಟೆಂಪೋ ಹತ್ತಿದರು. ಆಂಬುಲೆನ್ಸಿಗೆಂದು ಬಿಟ್ಟಿದ್ದ ಪಕ್ಕದ ದಾರಿಯಲ್ಲಿ ಡೊಳ್ಳು ಬಾರಿಸುತ್ತ ಜನರ ಬೆನ್ನ ಹಿಂದೆ ಹೋದೆವು. ಅಲ್ಲಿ ಮೈದಾನ ಖಾಲಿಯಿತ್ತು. ಶೈಲಕ್ಕ ಫೋಟೋ ಎತ್ತಿ ಹಿಡಿದು ಮೈಕಿನಲ್ಲಿ ಹೇಳಿದರು:

"ಮಾಸ್ತರ್ ಹಿಂದ ಬಂದಾರ. ಎಂದಿನಂಗ ಹಿಂದಿನವರು ಮೊದಲು. ಇಲ್ಲೇ ತಿರುಗಿ ಕೂಡ್ರಿ."

ಅದನ್ನೇ ಮರಾಠಿಯಲ್ಲೂ ಹೇಳಿದರು. ಮೊದಲು ತಲೆಗಳು ತಿರುಗಿದವು. ಆಮೇಲೆ ಮೈಗಳು. ಒಬ್ಬ ಮುದುಕ ತಲೆಯ ಪಟಕ ತೆಗೆದು ಕೂತ. ಅವನ ಸುತ್ತಲಿನವರೂ ಕೂತರು. ಕೂರುವುದು ಸಾಲು ಸಾಲಾಗಿ ವೇದಿಕೆಯ ಕಡೆಗೆ ಹರಿಯುತ್ತ ಹೋಯಿತು. ಅಷ್ಟೂ ಜನಕ್ಕೆ ಆ ರೂಢಿ ಗೊತ್ತಿತ್ತು. ಅದನ್ನು ಕಲಿಸಿದವರು ತೀರಿಹೋಗಿ ಹದಿಮೂರು ದಿನವಾಗಿತ್ತು.

ನಾನು ಓಡಿ ಮುಂದೆ ಬಂದೆ. ಬ್ಯಾರಿಕೇಡ್ ಸಡಿಲವಾಗಿತ್ತು. ಲಗಮವ್ವನನ್ನು ತಾಡಪತ್ರಿಯ ಮೇಲೆ ಮಲಗಿಸಿದ್ದರು. ಕಣ್ಣು ಮುಚ್ಚಿತ್ತು, ಹೊಟ್ಟೆ ಏರಿಳಿಯುತ್ತಿತ್ತು. ಪಕ್ಕೆಲುಬು ಮುರಿದಿದ್ದವು. ಅವಳ ಜೊತೆ ಇನ್ನೂ ಕೆಲವರನ್ನು ಸೊಲ್ಲಾಪುರದ ಆಸ್ಪತ್ರೆಗೆ ಒಯ್ದರು. ಯಾರೂ ಸಾಯಲಿಲ್ಲ.

ಅಂದಿನಿಂದ ನನಗೆ ರಾತ್ರಿ ಸದ್ದು ನಿಂತರೆ ಎಚ್ಚರವಾಗತೊಡಗಿತು. ಕರೆಂಟ್ ಹೋಗಿ ಫ್ಯಾನ್ ನಿಂತರೆ ಸಾಕು, ಎದ್ದು ಕೂತು ಮುಂಗೈ ಮುಟ್ಟಿ ನೋಡಿಕೊಳ್ಳುತ್ತಿದ್ದೆ. ಬಿಡಿಸಿದ ಬೆರಳುಗಳು ಅಲ್ಲೇ ಇದ್ದಂತೆ ಅನಿಸುತ್ತಿತ್ತು.

ಮೇ ತಿಂಗಳಲ್ಲಿ ಸಲಗರ ಬುದ್ರುಕಕ್ಕೆ ಹೋದೆ. ಲಗಮವ್ವ ಬೇವಿನ ನೆರಳಲ್ಲಿ ಕೂತಿದ್ದಳು.

"ಆಯಿ, ಅವತ್ತ ಕೈ ಬಿಡಿಸಿಕೊಂಡು ಹೋದೆ. ಸಿಟ್ಟದ ಏನು?"

"ಸಿಟ್ಟs? ನಿಮ್ಮ ಮನಿತನ ಪೂರಾ ಬೈದೀನಿ. ಬಾಯಿ ಬರಲಿಲ್ಲ, ಮನಸಿನ್ಯಾಗ ಬೈದೆ. ಈ ಭಾಡ್ಯಾ ತಿರುಗಿ ಬರಲಿ, ಮಾರಿ ಮ್ಯಾಲೇ ಬೈತೀನಿ ಅಂತ ಉಸಿರು ಹಿಡಕೊಂಡಿದ್ದೆ." ನಕ್ಕು, ಪಕ್ಕೆ ಒತ್ತಿಹಿಡಿದಳು. "ನಗಸಬ್ಯಾಡೋ, ನೋಯ್ತದ. ರೊಟ್ಟಿ ತಿಂದು ಹೋಗು."

ಈಗ ಹಿಂದಿನ ಹಾರ್ನ್‌ಗಳಿಗೆ ಬ್ಯಾಟರಿಯನ್ನೂ ಜೋಡಿಸುತ್ತೇನೆ. ಸಭೆಗೆ ಮೊದಲು ಕೊನೆಯ ಸಾಲಿನಲ್ಲಿ ಕೂತು ಕೇಳಿ ನೋಡುತ್ತೇನೆ. ಮಾಸ್ತರ್ ಅಲ್ಲಿಗೆ ಯಾಕೆ ಹೋಗುತ್ತಿದ್ದರೆಂದು ಅಲ್ಲಿ ಕೂತಾಗ ತಿಳಿಯಿತು: ಸಭೆ ನಡೆದಿದೆಯೋ ಮುಗಿದಿದೆಯೋ ಎಂಬುದೂ ಅಲ್ಲಿಯವರಿಗೆ ಬೇರೆ ಯಾರಾದರೂ ಹೇಳಬೇಕು.

ಸಲಗರದಿಂದ ಬಂದ ಮರುದಿನ ಬೆಳಿಗ್ಗೆ ಚಹಾ ಕೊಡುತ್ತ ಹೆಂಡತಿ ಹೇಳಿದಳು: "ರಾತ್ರಿ ಎರಡು ಸಲ ಕರೆಂಟ್ ಹೋಗಿತ್ತು. ನಿಮಗ ಗೊತ್ತs ಆಗಲಿಲ್ಲ."