ಹೊಳಬಸಪ್ಪನ ಎಡಗಿವಿ

ಇಳಕಲ್ಲಿನ ಹೊಳಬಸಪ್ಪನ ಮೈಕ್‌ಸೆಟ್ಟಿಗೆ ಹುನಗುಂದ ತಾಲ್ಲೂಕಿನ ಮದುವೆ ಮನೆಗಳಲ್ಲಿ ಒಂದು ಹೆಸರಿತ್ತು. ಬೇರೆಯವರ ಸೆಟ್ಟಿನಲ್ಲಿ ಒಂದು ಹಾಡು ಮುಗಿದು ಇನ್ನೊಂದು ಶುರುವಾಗುವಷ್ಟರಲ್ಲಿ ಎದ್ದು ಹೋಗಿ ನೀರು ಕುಡಿದು ಬರಬಹುದಿತ್ತು. ಹೊಳಬಸಪ್ಪನದರಲ್ಲಿ ಸಂದೇ ಇರುತ್ತಿರಲಿಲ್ಲ. ಅವನ ಹತ್ತಿರ ಎರಡು ರೆಕಾರ್ಡ್ ಪ್ಲೇಯರುಗಳಿದ್ದವು. ಒಂದರ ಮೇಲೆ ಹಾಡು ಓಡುತ್ತಿರುವಾಗಲೇ ಇನ್ನೊಂದರ ಮೇಲೆ ಮುಂದಿನ ಪ್ಲೇಟು ಇಟ್ಟು, ಹೆಡ್‌ಫೋನನ್ನು ಬಲಗಿವಿಗೆ ಒತ್ತಿಕೊಂಡು, ಹಾಡು ಎಲ್ಲಿ ಎತ್ತುತ್ತದೋ ಅಲ್ಲಿಗೆ ಮುಳ್ಳು ಬರುವಂತೆ ಪ್ಲೇಟನ್ನು ಬೆರಳಿನಿಂದ ಹಿಂದೆ ಮುಂದೆ ತಿರುಗಿಸಿ ಹಿಡಿದಿರುತ್ತಿದ್ದ. ಮೊದಲನೆಯ ಹಾಡು ಉಸಿರು ಬಿಡುತ್ತಿದ್ದಂತೆ ಬೆರಳು ಎತ್ತುತ್ತಿದ್ದ. ಹದಿನೆಂಟು ವರ್ಷ ಅವನು ಮಾಡಿದ ಕೆಲಸ ಇದೇ.

ಆ ಹೆಡ್‌ಫೋನು ಹುಬ್ಬಳ್ಳಿಯ ಗುಜರಿಯಲ್ಲಿ ಸಿಕ್ಕದ್ದು, ಹಳೆಯ ಮಿಲಿಟರಿ ಸಾಮಾನು. ನೆತ್ತಿಯ ಮೇಲೆ ಕಬ್ಬಿಣದ ಪಟ್ಟಿ, ಕಿವಿಗೆ ಕಲ್ಲಿನಂಥ ಕರಿಯ ಬಿಲ್ಲೆಗಳು. ಒಂದು ಮದುವೆ ಮುಗಿಸಿ ಬರುವಷ್ಟರಲ್ಲಿ ಕಿವಿ ಕೆಂಪಗಾಗಿ ಉರಿಯುತ್ತಿತ್ತು. ಹೊಳಬಸಪ್ಪ ಅದನ್ನು ಉದ್ಯೋಗದ ಜೊತೆ ಬಂದ ನೋವೆಂದು ತಿಳಿದು ಸುಮ್ಮನಿದ್ದ.

ಎಂಬತ್ಮೂರರ ಬೇಸಿಗೆಯಲ್ಲಿ ಮರೋಳದಲ್ಲಿ ಒಂದು ಮದುವೆ. ಅಕ್ಕಿಕಾಳು ಹಾಕುವ ಮುಹೂರ್ತದ ಹೊತ್ತು. ಹೊಳಬಸಪ್ಪ ಹಂದರದ ಮೂಲೆಯಲ್ಲಿ ಮುಂದಿನ ಪ್ಲೇಟು ಕೂಡಿಸುತ್ತಿದ್ದ. ಬಲಗಿವಿಯ ಮೇಲೆ ಹೆಡ್‌ಫೋನು, ಎಡಗಿವಿ ಖಾಲಿ. ಇದ್ದಕ್ಕಿದ್ದಂತೆ ಯಾರೋ ಹೆಗಲು ಹಿಡಿದು ಜಗ್ಗಿದರು. ತಿರುಗಿ ನೋಡಿದರೆ ಹೆಣ್ಣಿನ ತಂದೆ, ಮುಖ ಕೆಂಡ. ಅವರ ಹಿಂದೆ ನೂರಾರು ಮಂದಿ ಕೈಯಲ್ಲಿ ಅಕ್ಕಿ ಹಿಡಿದುಕೊಂಡು ಇವನತ್ತಲೇ ನೋಡುತ್ತಿದ್ದರು. ಕಂಬದ ಮೇಲಿನ ಭೋಂಗಾ ಸ್ಪೀಕರಿನಲ್ಲಿ ಹಾಡು ಇನ್ನೂ ಅರಚುತ್ತಿತ್ತು, ಅಯ್ಯನವರ ಮಂತ್ರ ಯಾರಿಗೂ ಕೇಳಿರಲಿಲ್ಲ.

"ನಾಕು ಸಲ ಒದರೇನಿ, ಬಂದ್ ಮಾಡಂತ. ನಿನ್ನ ಮಗ್ಗಲದಾಗ ನಿಂತ ಒದರೇನಿ. ಕಿವಿ ಕೇಳೂದಿಲ್ಲೇನು ನಿನಗ?" ಎಂದರು ಹಿರಿಯರು.

ಸಿಟ್ಟಿನಲ್ಲಿ ಎಲ್ಲರೂ ಆಡುವ ಮಾತು ಅದು. ಆದರೆ ಹೊಳಬಸಪ್ಪ ಅವರು ನಿಂತ ಜಾಗವನ್ನು ನೋಡಿದ. ಅವರು ನಿಂತಿದ್ದದ್ದು ಅವನ ಎಡಕ್ಕೆ, ಒಂದು ಮೊಳದ ದೂರದಲ್ಲಿ. ಒಂದು ಸಲವೂ ಕೇಳಿಸಿರಲಿಲ್ಲ. ಕೈ ಜೋಡಿಸಿ ತಪ್ಪಾಯಿತೆಂದ, ವೈರ್ ನೋಡುತ್ತಿದ್ದೆನೆಂದು ಸುಳ್ಳು ಹೇಳಿದ. ಭೋಂಗಾ ಕಟ್ಟಿ ಬಿಚ್ಚುವ ಅವನ ಜೊತೆಗಾರ ಬಂದೇನವಾಜ ಆ ಹೊತ್ತಿಗೆ ಜನರೇಟರಿನ ಹತ್ತಿರ ಇದ್ದುದರಿಂದ ಅವನಿಗೂ ಸಂಶಯ ಬರಲಿಲ್ಲ.

ಅವತ್ತಿನಿಂದ ಹೊಳಬಸಪ್ಪನಿಗೆ ಹೆದರಿಕೆ ಹತ್ತಿತು. ದಾರಿಯಲ್ಲಿ ಯಾರಾದರೂ ಎಡಕ್ಕೆ ಬಂದರೆ ಏನೋ ಮರೆತವನಂತೆ ನಿಂತು ಅವರನ್ನು ಬಲಕ್ಕೆ ಬಿಟ್ಟುಕೊಳ್ಳುತ್ತಿದ್ದ. ಮಾತಾಡುವವರ ತುಟಿ ನೋಡುತ್ತಿದ್ದ. ಹಾಡು ಹಚ್ಚುವವನ ಕಿವಿ ಹೋಗಿದೆ ಎಂಬ ಮಾತು ಒಂದು ಸಲ ಊರಿಗೆ ಬಿದ್ದರೆ ಮುಂದೆ ಯಾವ ಹಂದರಕ್ಕೂ ತನ್ನನ್ನು ಕರೆಯುವುದಿಲ್ಲ ಎಂಬುದು ಅವನಿಗೆ ಗೊತ್ತಿತ್ತು. ಮನೆಯಲ್ಲಿ ರೇಡಿಯೋದ ಧಾರವಾಡ ಕೇಂದ್ರ ಹಚ್ಚಿ ಕೂಡುವುದು ಅವನ ದಿನದ ಸುಖ. ಹೆಂಡತಿ ಗುರುಲಿಂಗವ್ವ ಒಳಗೆ ಮಗ್ಗದವರಿಗಾಗಿ ರಾಟಿಯ ಮೇಲೆ ನೂಲು ಸುತ್ತುತ್ತ, ರೇಡಿಯೋ ಇಷ್ಟು ಜೋರು ಯಾಕೆಂದು ಒಂದೆರಡು ಸಲ ಕೇಳಿದಳು. ಅವನು ಸಣ್ಣ ಮಾಡಿದ. ಸಣ್ಣ ಮಾಡಿದ ಮೇಲೆ ಅದು ಅವನಿಗೆ ಸರಿಯಾಗಿ ಕೇಳುತ್ತಿರಲಿಲ್ಲ.

ಮನುಷ್ಯನ ಮನಸ್ಸು ಇಂಥ ಹೊತ್ತಿನಲ್ಲಿ ತಪ್ಪನ್ನು ಸಾಮಾನಿನ ಮೇಲೆ ಹೊರಿಸುತ್ತದೆ. ಎಲ್ಲ ಆ ದರಿದ್ರ ಹೆಡ್‌ಫೋನಿನದೇ ಕೆಲಸ, ಒತ್ತಿ ಒತ್ತಿ ಕಿವಿ ಜಡ್ಡುಗಟ್ಟಿದೆ, ಮೆತ್ತಗಿನದೊಂದು ತಂದರೆ ಸರಿಹೋಗುತ್ತದೆ ಎಂದು ಅವನು ತನಗೆ ತಾನೇ ಹೇಳಿಕೊಂಡ. ಹಂದರದಲ್ಲೂ ಅದೇ, ಮನೆಯಲ್ಲಿ ರೇಡಿಯೋಕ್ಕೂ ಅದೇ. ಹಾಕಿಕೊಂಡು ಎಷ್ಟು ಜೋರು ಇಟ್ಟರೂ ಗುರುಲಿಂಗವ್ವನಿಗೆ ತಿಳಿಯುವುದಿಲ್ಲ. ಹೀಗೆಂದುಕೊಂಡು ಒಂದು ಸೋಮವಾರ ಬಾಗಲಕೋಟೆಯ ಬಸ್ಸು ಹತ್ತಿದ.

ಬಾಗಲಕೋಟೆಯಲ್ಲಿ ಮಧುಸೂದನರ ರೇಡಿಯೋ ಅಂಗಡಿ. ಅವನ ಆಂಪ್ಲಿಫೈಯರು ಕೆಟ್ಟಾಗಲೆಲ್ಲ ರಿಪೇರಿ ಮಾಡಿಕೊಟ್ಟವರು ಅವರೇ. ಅವತ್ತು ಅವರು ಮೂರು ಜೋಡಿ ತೆಗೆದು ಮೇಜಿನ ಮೇಲೆ ಇಟ್ಟರು. ಒಂದು ಹಳೆಯ ಮಾದರಿಯದು, ಅದನ್ನು ಹೊಳಬಸಪ್ಪ ಮುಟ್ಟಲೂ ಇಲ್ಲ. ಎರಡನೆಯದು ದೊಡ್ಡದು, ಕಿವಿಯನ್ನು ಪೂರ್ತಿ ಮುಚ್ಚುವಂಥದು, ಸುತ್ತ ರೆಕ್ಸಿನ್ನಿನ ಮೆತ್ತೆ. ಮೂರನೆಯದು ಹಕ್ಕಿಯ ಎಲುಬಿನಷ್ಟು ಹಗುರ, ಕಿವಿಯ ಮೇಲೆ ಎರಡು ತುಂಡು ಸ್ಪಂಜು ಕೂತಂತೆ, ಅಷ್ಟೆ.

ಮಧುಸೂದನರು ದೊಡ್ಡದನ್ನು ಅವನ ಕೈಗೆ ಕೊಟ್ಟು, "ಒತ್ತಬಾರ್ದು, ಜಾರಬಾರ್ದು. ಹತ್ತು ನಿಮಿಷ ಹಾಕ್ಕೊಂಡು ಕೂಡ್ರಿ. ಹಾಕ್ಕೊಂಡೀನಿ ಅನ್ನೋದ ಮರ್ತುಹೋತಂದ್ರ ಅದು ನಿಮ್ಮದು," ಎಂದರು. ಒಂದು ಪ್ಲೇಟು ಹಚ್ಚಿದರು.

ಹೊಳಬಸಪ್ಪ ಎರಡೂ ಕಿವಿಯ ಮೇಲೆ ಕೂಡಿಸಿಕೊಂಡ. ಮೆತ್ತೆ ನಿಜವಾಗಿಯೂ ಹಿತವಾಗಿತ್ತು. ಆದರೆ ಹಾಡು ಬಲಕ್ಕೆ ಮಾತ್ರ ಬರುತ್ತಿತ್ತು. ಎಡಗಡೆಯದು ಕೆಟ್ಟಿದೆ ಎಂದ. ಮಧುಸೂದನರು ತಾವು ಹಾಕಿಕೊಂಡು ನೋಡಿ, ಎರಡೂ ಸರಿಯಾಗಿವೆ ಎಂದರು. ಸ್ಪಂಜಿನದನ್ನು ಕೊಟ್ಟರು. ಅದರಲ್ಲಿಯೂ ಎಡಕ್ಕೆ ಸದ್ದಿಲ್ಲ. ಎರಡು ಹೊಸ ಸಾಮಾನು ಒಂದೇ ಬದಿಗೆ ಕೆಟ್ಟಿರುವುದು ಹೇಗೆ? ಹೊಳಬಸಪ್ಪ ದೊಡ್ಡದನ್ನು ಮತ್ತೆ ಎತ್ತಿ, ಈ ಸಲ ಹಿಂದು ಮುಂದಾಗಿ ತಿರುವಿ ಹಾಕಿಕೊಂಡ. ಇಷ್ಟು ಹೊತ್ತು ಸತ್ತಿದೆ ಎಂದುಕೊಂಡಿದ್ದ ಮಗ್ಗಲು ಬಲಗಿವಿಗೆ ಬಂದು ಸ್ಪಷ್ಟವಾಗಿ ಹಾಡತೊಡಗಿತು. ಹಾಡುತ್ತಿದ್ದದ್ದು ಎಡಕ್ಕೆ ಹೋಗಿ ಸುಮ್ಮನಾಯಿತು.

ಅವನು ಅದನ್ನು ತೆಗೆಯಲಿಲ್ಲ. ತೆಗೆದರೆ ಮಾತಾಡಬೇಕಾಗುತ್ತದೆ ಎಂದು ಹಾಡು ಮುಗಿಯುವ ತನಕ ಮೇಜಿನ ಮೇಲಿನ ಸ್ಕ್ರೂಡ್ರೈವರ್ ನೋಡುತ್ತ ಕೂತ. ಮಧುಸೂದನರಿಗೆ ಎಲ್ಲ ತಿಳಿದಿತ್ತು. ಅವರು ಎದ್ದು ಬಂದು ಅವನ ಬಲಕ್ಕೆ ಕೂತರು.

"ಎಷ್ಟ್ ದಿನಾ ಆತ್ರಿ ಹೊಳಬಸಪ್ಪ?"

"ಗೊತ್ತಿಲ್ರಿ ಸಾಹೇಬ್ರ. ಯಾರಿಗೂ ಹೇಳಬ್ಯಾಡ್ರಿ."

ಹೇಳುವುದಿಲ್ಲ ಎಂದರು ಅವರು. ಆದರೆ ಇವತ್ತೇ ಕಿವಿಯ ಡಾಕ್ಟರಿಗೆ ತೋರಿಸಿಕೊಂಡೇ ಬಸ್ಸು ಹತ್ತಬೇಕು ಎಂದು ಚೀಟಿಯ ಮೇಲೆ ವಿಳಾಸ ಬರೆದುಕೊಟ್ಟರು.

ಡಾಕ್ಟರು ಕಿವಿಯೊಳಗೆ ಬೆಳಕು ಬಿಟ್ಟು ನೋಡಿದರು, ಲೋಹದ ಕವೆಯೊಂದನ್ನು ಬಡಿದು ಕಿವಿಯ ಹತ್ತಿರ ಹಿಡಿದರು. ಕೆಲಸದಲ್ಲಿ ಎಲ್ಲಿ ಕೂಡುತ್ತೀ ಎಂದು ಕೇಳಿದರು. ವೈರು ಉಳಿಯಲೆಂದು ಅವನು ಯಾವಾಗಲೂ ಭೋಂಗಾದ ಕಂಬದ ಬುಡದಲ್ಲೇ ಸೆಟ್ಟು ಇಡುತ್ತಿದ್ದ, ಕಂಬ ಎಡಕ್ಕೆ. ಹದಿನೆಂಟು ವರ್ಷ. ಎಡಗಿವಿಯ ನರ ಹೋಗಿದೆ, ಔಷಧವಿಲ್ಲ ಎಂದರು ಡಾಕ್ಟರು. ಬಲಗಿವಿಯೂ ಅದೇ ದಾರಿ ಹಿಡಿದಿದೆ, ಆದರೆ ಇನ್ನೂ ಇದೆ. ಭೋಂಗಾದಿಂದ ದೂರ ಕೂಡಬೇಕು, ಕಿವಿಗೆ ಹಚ್ಚುವ ಹಾಡು ಸಣ್ಣಗಿರಬೇಕು. ಇಲ್ಲವಾದರೆ ಅದು ಎಷ್ಟು ವರ್ಷ ಉಳಿಯುತ್ತದೋ ಹೇಳಲಾಗದು ಎಂದರು.

ಹೊಳಬಸಪ್ಪ ಅಂಗಡಿಗೆ ಮರಳಿ ದೊಡ್ಡ ಹೆಡ್‌ಫೋನನ್ನೇ ಕೊಂಡ. ಹೊರಗಿನ ಗದ್ದಲವನ್ನು ಅದು ಮುಚ್ಚುವುದರಿಂದ ಒಳಗೆ ಸಣ್ಣ ದನಿ ಸಾಕಾಗುತ್ತದೆ ಎಂದು ಮಧುಸೂದನರು ತಿಳಿಸಿ ಹೇಳಿದ್ದರು. ಅಮೀನಗಡ ದಾಟಿ ಬಸ್ಸು ಓಡುತ್ತಿರುವಾಗ ಅವನು ಬಲಗಿವಿಯನ್ನು ಬೆರಳಿನಿಂದ ಮುಚ್ಚಿದ. ಇಂಜಿನ್ನು, ಕಂಡಕ್ಟರಿನ ಸೀಟಿ, ಮುಂದಿನ ಸೀಟಿನ ಕೂಸಿನ ಅಳು, ಎಲ್ಲ ನೀರಿನ ತಳಕ್ಕೆ ಇಳಿದವು. ಬೆರಳು ತೆಗೆಯಲು ಅವಸರ ಮಾಡಿದ. ಹುನಗುಂದ ಬರುವಷ್ಟರಲ್ಲಿ ಮತ್ತೆ ಎರಡು ಸಲ ಹಾಗೆ ಮಾಡಿ ನೋಡಿದ.

ಮನೆಯಲ್ಲಿ ಏನೂ ಹೇಳಲಿಲ್ಲ. ಹೊಸ ಹೆಡ್‌ಫೋನು ಹಾಕಿಕೊಂಡು ರೇಡಿಯೋ ಕೇಳತೊಡಗಿದ. ಮೆತ್ತೆ ಎಷ್ಟು ಹಿತವಾಗಿತ್ತೆಂದರೆ ತಾಸುಗಟ್ಟಲೆ ತೆಗೆಯುತ್ತಿರಲಿಲ್ಲ. ಅದರೊಳಗೆ ಯಾರೂ ಅವನನ್ನು ಕರೆಯುತ್ತಿರಲಿಲ್ಲ, ಕರೆದರೂ ಉತ್ತರ ಕೊಡಬೇಕಾಗಿರಲಿಲ್ಲ. ಹೆದರಿದವನಿಗೆ ಅದೊಂದು ಮನೆಯಂತಾಯಿತು.

ಮೃಗಶಿರ ಮಳೆಯ ಒಂದು ಸಂಜೆ, ಇನ್ನೂ ಬೆಳಕಿತ್ತು. ಅವನು ಹೆಡ್‌ಫೋನು ಹಾಕಿಕೊಂಡು ಬಾಗಿಲ ಕಡೆ ಬೆನ್ನು ಮಾಡಿ ವಾರ್ತೆ ಕೇಳುತ್ತಿದ್ದ. ನೆಲ ಅದುರಿದಂತಾಗಿ ತಿರುಗಿದ. ಪಕ್ಕದ ಮನೆಯ ಹುಸೇನಬಿ ಬಾಗಿಲಲ್ಲಿ ನಿಂತು ಬಾಯಿ ತೆರೆದು ಮುಚ್ಚುತ್ತಿದ್ದಳು. ಹೆಡ್‌ಫೋನು ಕಿತ್ತು ತೆಗೆದ.

"ಅಕ್ಕಗ ಚೇಳು ಕಡದೈತಿ ಬಸಣ್ಣ. ಹಿತ್ತಲದಾಗ ಬಿದ್ದಾಳ. ಎಷ್ಟೊತ್ತಿನಿಂದ ನಿನ್ನ ಹೆಸರ ಹಿಡದ ಒದರಾಕತ್ತಾಳ. ನಮ್ಮ ಮನಿತನಾ ಕೇಳೇತಿ, ನಿನಗ ಕೇಳಲಿಲ್ಲೇನು?"

ಗುರುಲಿಂಗವ್ವ ಕುಳ್ಳಿನ ರಾಶಿಯ ಪಕ್ಕದಲ್ಲಿ ಕಾಲು ಹಿಡಿದುಕೊಂಡು ಬಿದ್ದಿದ್ದಳು. ಕೆಂಪು ಚೇಳು. ಮೈಯೆಲ್ಲ ತಣ್ಣಗೆ ಬೆವರಿತ್ತು, ಎದೆ ಹಕ್ಕಿಯಂತೆ ಬಡಿದುಕೊಳ್ಳುತ್ತಿತ್ತು. ಗಂಡನ ಹೆಸರನ್ನು ಬಾಯಿಂದ ಎಂದೂ ತೆಗೆಯದ ಹೆಂಗಸು ಹೆಸರು ಹಿಡಿದು ಕೂಗಿದ್ದಳು. ಅವಳನ್ನು ಬಂದೇನವಾಜನ ಸಾಮಾನಿನ ಗಾಡಿಯ ಮೇಲೆ ಮಲಗಿಸಿ ದವಾಖಾನೆಗೆ ಒಯ್ದರು. ಇನ್ನಷ್ಟು ತಡವಾಗಿದ್ದರೆ ಕಷ್ಟವಿತ್ತು ಎಂದರು ಅಲ್ಲಿಯವರು. ಎರಡು ದಿನ ಅವಳ ನಾಡಿ ಸ್ಥಿಮಿತಕ್ಕೆ ಬರಲಿಲ್ಲ. ಆ ಎರಡು ದಿನ ಹೊಳಬಸಪ್ಪ ಮಂಚದ ಎಡಕ್ಕೆ, ತನ್ನ ಬಲಗಿವಿ ಅವಳ ಬಾಯಿಯ ಕಡೆ ಬರುವಂತೆ ನೆಲದ ಮೇಲೆ ಕೂತಿದ್ದ. ಉಸಿರಿನ ಸದ್ದು ಒಂದು ಗಳಿಗೆ ಕೇಳದಿದ್ದರೆ ಅದು ಅವಳ ಉಸಿರು ನಿಂತದ್ದೋ ತನ್ನ ಕಿವಿ ನಿಂತದ್ದೋ ತಿಳಿಯದೆ ಕೈಯನ್ನು ಅವಳ ಮೂಗಿನ ಹತ್ತಿರ ಹಿಡಿಯುತ್ತಿದ್ದ.

ಮೂರನೆಯ ದಿನ ಅವಳು ಕಣ್ಣು ತೆರೆದು ಅವನನ್ನೇ ನೋಡುತ್ತ ಮಲಗಿದಳು.

"ಒದರಿದ್ರೂ ಯಾಕ ಬರಲಿಲ್ರಿ?" ಎಂದು ಕೇಳಿದಳು.

ಅವನು ಹೇಳಿದ. ಮರೋಳದ ಮದುವೆ, ಮಧುಸೂದನರ ಅಂಗಡಿ, ಡಾಕ್ಟರಿನ ಮಾತು, ಒಂದೂ ಬಿಡಲಿಲ್ಲ. ಹೇಳುವಾಗ ಪಕ್ಕದ ಮಂಚದವರು ಕೇಳಿಸಿಕೊಂಡರೇನೋ ಎಂದು ಆಗಾಗ ಹೊರಳಿ ನೋಡುತ್ತಿದ್ದ. ಗುರುಲಿಂಗವ್ವ ಸೆರಗಿನಿಂದ ಕಣ್ಣು ಒರೆಸಿಕೊಂಡಳು.

"ವರ್ಷಾತು, ಉಣ್ಣಾಕ ಕೂತಾಗ ಮಾತಾಡಿದ್ರ ಸುಮ್ಮ ಇರ್ತಿದ್ರಿ. ನನ್ನ ಮ್ಯಾಲ ಮನಸ ಇಲ್ಲಂತ ತಿಳಕೊಂಡಿದ್ಯಾ. ನಾ ಏನ ತಪ್ಪ ಮಾಡೇನಿ ಅಂತ ದಿನಾ ಹುಡಕಾಕತ್ತಿದ್ಯಾ."

ಊಟಕ್ಕೆ ಅವಳು ಕೂಡುತ್ತಿದ್ದದ್ದು ಅವನ ಎಡಕ್ಕೆ. ತನ್ನ ಹೆದರಿಕೆಯನ್ನು ಕಾಯುತ್ತ ಕೂತವನಿಗೆ, ಮನೆಯಲ್ಲಿ ಇನ್ನೊಬ್ಬರು ಬೇರೆಯದೇ ಹೆದರಿಕೆಯಲ್ಲಿ ವರ್ಷ ಕಳೆದದ್ದು ಅವತ್ತೇ ತಿಳಿದದ್ದು.

ಅವಳು ಓಡಾಡುವಂತಾದ ಮೇಲೆ ಹೊಳಬಸಪ್ಪ ಮತ್ತೆ ಬಾಗಲಕೋಟೆಗೆ ಹೋಗಿ ಸ್ಪಂಜಿನ ಹೆಡ್‌ಫೋನನ್ನೂ ತಂದ. ಅದನ್ನು ಹಾಕಿಕೊಂಡರೆ ಹಾಡಿನ ಜೊತೆಗೆ ರಾಟಿಯ ಸದ್ದು, ಬಾಗಿಲ ಸದ್ದು, ಕರೆದ ದನಿ ಎಲ್ಲ ಒಳಗೆ ಬರುತ್ತಿತ್ತು. ಮನೆಗೆ ಅದು, ಹಂದರಕ್ಕೆ ಮೆತ್ತೆಯದು ಎಂದು ಗೊತ್ತುಮಾಡಿದ. ಬಂದೇನವಾಜನಿಗೂ ಹೇಳಿದ. ಅವನು ಬೈಯಲಿಲ್ಲ, ಮರುಗಲೂ ಇಲ್ಲ. ಭೋಂಗಾಕ್ಕೆ ಐವತ್ತು ಗಜ ಹೆಚ್ಚಿನ ವೈರು ಜೋಡಿಸಿ, ಮುಂದೆ ಮುಹೂರ್ತದ ಹೊತ್ತಿಗೆ ತಾನು ಎಡಮಗ್ಗಲಲ್ಲಿ ನಿಲ್ಲುವುದಾಗಿ ಹೇಳಿದ.

ಮಾತು ಊರಿಗೆ ಹೇಗೋ ಬಿತ್ತು. ಮುಂದಿನ ಮದುವೆ ಸುಗ್ಗಿಯಲ್ಲಿ ಎರಡು ಮನೆಯವರು ಬೇರೆ ಸೆಟ್ಟು ಕರೆಸಿದರು. ಸುದ್ದಿ ತಿಳಿದ ದಿನ ಹೊಳಬಸಪ್ಪ ಹೊರಗೆ ಬರಲಿಲ್ಲ. ಹೆದರಿದ್ದೇ ಆಯಿತಲ್ಲ ಎಂದು ಕೂತ. ಮರುದಿನ ಬೆಳಿಗ್ಗೆ ಎದ್ದು ಪ್ಲೇಟುಗಳ ದೂಳು ಒರೆಸಿದ, ಯಾಕೆಂದರೆ ಹುನಗುಂದದ ಕಾಳಿನ ವ್ಯಾಪಾರಿ ರಾಚಯ್ಯನವರ ಮನೆಯ ಮದುವೆ ಇನ್ನೂ ಕೈಬಿಟ್ಟು ಹೋಗಿರಲಿಲ್ಲ.

ಅಲ್ಲಿ ಹಂದರಕ್ಕೆ ಹೋದ ಕೂಡಲೇ ಅವನು ಹೆಡ್‌ಫೋನು ಕೈಯಲ್ಲಿ ಹಿಡಿದುಕೊಂಡು ಯಜಮಾನರನ್ನೇ ಹುಡುಕಿಕೊಂಡು ಹೋದ. ಏನಾದರೂ ಹೇಳುವುದಿದ್ದರೆ ಬಲಕ್ಕೆ ಬಂದು ಹೇಳಿರಿ, ಎಡಗಿವಿ ಕೇಳುವುದಿಲ್ಲ ಎಂದ. ಹೊರಗಿನವರ ಮುಂದೆ ಆ ಮಾತು ಆಡಿದ್ದು ಅದೇ ಮೊದಲು.

ರಾಚಯ್ಯನವರು ಅವನ ಮುಖವನ್ನು ನೋಡಿದರು. "ಒಂದ ಕಿವಿ ಇಟಗೊಂಡು ಎರಡ ಹಾಡ ಹೆಂಗ ಸಂಬಾಳಸ್ತೀ ನೀ?"

ಹೊಳಬಸಪ್ಪ ಅವರನ್ನು ಸೆಟ್ಟಿನ ಹತ್ತಿರ ಕರೆದುಕೊಂಡು ಬಂದು ಹಾಡು ಹಚ್ಚಿದ. ಎರಡನೆಯ ಪ್ಲೇಟಿನ ಮೇಲೆ ಮುಳ್ಳು ಇಳಿಸಿ ಹೆಡ್‌ಫೋನನ್ನು ಅವರ ತಲೆಗೆ ಹಾಕಿದ. ತಲೆಗೆ ಸುತ್ತಿದ ಪಟಕಾ ಅಡ್ಡ ಬಂತು. ಅವರೇ ತೆಗೆದು ಬಗಲಲ್ಲಿ ಇಟ್ಟುಕೊಂಡರು. ಹಂದರದಲ್ಲಿ ಒಂದು ಹಾಡು, ಅವರ ಕಿವಿಯಲ್ಲಿ ಇನ್ನೂ ಯಾರೂ ಕೇಳದ ಇನ್ನೊಂದು. ಹೊಳಬಸಪ್ಪ ಅವರ ತುಟಿಯನ್ನೇ ನೋಡುತ್ತ ಕಾದು ನಿಂತ. ವ್ಯಾಪಾರಿ ಕಣ್ಣು ಮುಚ್ಚಿ, ಮೆತ್ತೆಯನ್ನು ಎರಡೂ ಕೈಯಿಂದ ಹಿಡಿದುಕೊಂಡು, ತಮ್ಮಷ್ಟಕ್ಕೆ ತಾವೇ ತಲೆ ಆಡಿಸತೊಡಗಿದರು. ಬೀಗರು ಬಂದರೆಂದು ಯಾರೋ ಬಾಗಿಲಿನಿಂದ ಕೂಗಿದ್ದು ಹೊಳಬಸಪ್ಪನಿಗೆ ಕೇಳಿತು, ರಾಚಯ್ಯನವರಿಗೆ ಕೇಳಲಿಲ್ಲ. ಅವನೇ ಅವರ ಹೆಗಲು ಮುಟ್ಟಿ ಎಚ್ಚರಿಸಿದ.